ಹೊನ್ನಮ್ಮನ ಮೇಲೆ ಕಟ್ಟಿದ ಹಾಡು

ಅಕ್ಕನ ತಲೆಗೆ ಎರಡನೇ ಚೊಂಬು ನೀರು ಹುಯ್ಯುತ್ತಿದ್ದ ಇಂದ್ರಮ್ಮನ ಕೈ ನಡುವೆಯೇ ನಿಂತಿತು. ಅಂಗಳದ ಆಚೆಯಿಂದ ಕ್ಲಾರಿಯೋನೆಟ್ ಕೇಳಿಸಿತ್ತು. ಆಲೂರಿನಿಂದ ತರಿಸಿದ ಬ್ಯಾಂಡ್‌ಸೆಟ್ಟಿನವರು ಆಗಷ್ಟೇ ಜೀಪಿನಿಂದ ಇಳಿದಿದ್ದರು. ಪೀಪಿ ಸರಿಮಾಡಿಕೊಳ್ಳಲೆಂದು ಒಂದು ಹಾಡಿನ ಮೊದಲ ತುಣುಕು ಊದಿದ್ದರು, ಅಷ್ಟೇ. ಸೀರೆಯ ಮರೆ ಹಿಡಿದು ನಿಂತಿದ್ದ ಹೆಂಗಸರಲ್ಲಿ ಒಬ್ಬಳು ಕಣ್ಣೊರೆಸಿಕೊಳ್ಳುತ್ತಲೇ ಹೇಳಿದಳು.

"ಅಯ್ಯೋ, ಹೊನ್ನಕ್ಕನ ಹಾಡು ಕಣ್ರೇ."

"ನಿಲ್ಸು ಅಂತ ಹೇಳೋಗು," ಎಂದಳು ಇಂದ್ರಮ್ಮ.

"ಯಾಕವ್ವ? ರವಿನೇ ಹೇಳವ್ನೆ. ಕಲ್ಲಿನ ತಾವ ಇಳಿಸ್ದಾಗ ಅವ್ವನ ಹಾಡೇ ಆಗ್ಬೇಕು ಅಂತ. ಕಟ್ಟಿ ಹಾಡ್ದೋರ್ನೇ ಕರ್ಸವ್ನಂತೆ, ಹಾನುಬಾಳಿಂದ."

ಸತ್ತವರಿಗೆ ಇಷ್ಟವಾದ ಹಾಡನ್ನು ಹೆಣದ ದಾರಿಯಲ್ಲಿ ಬ್ಯಾಂಡಿನವರಿಂದ ನುಡಿಸುವುದು ಈ ಕಡೆ ಈಚೆಗೆ ಬಂದ ರೂಢಿ. ಹೊನ್ನಮ್ಮನಿಗೆ ಯಾವ ಹಾಡು ಇಷ್ಟವಿತ್ತು ಎಂದು ಯಾರೂ ಯೋಚಿಸಬೇಕಾಗಿರಲಿಲ್ಲ. ಅವಳ ಮೇಲೇ ಒಂದು ಹಾಡಿತ್ತಲ್ಲ! ಕ್ಯಾಸೆಟ್ಟಿನ ಕಾಲದಲ್ಲಿ ಹಾನುಬಾಳಿನ ಮೈಕ್‌ಸೆಟ್ ರುದ್ರಯ್ಯ ಕಟ್ಟಿ ಹಾಡಿದ್ದು. ಅದು ಕೇಳದ ಮದುವೆಮನೆ ಇಲ್ಲಿಂದ ಯಸಳೂರಿನವರೆಗೆ ಒಂದೂ ಇರಲಿಲ್ಲ. ಈಗ ಹೋದ ವರ್ಷ ಯಾರೋ ಹುಡುಗರು ಅದಕ್ಕೆ ಕುಣಿದು ಫೋನಿನಲ್ಲಿ ಹಾಕಿ, ಸತ್ತ ಹಾಡಿಗೆ ಮತ್ತೆ ಜೀವ ಬಂದಿತ್ತು.

ಬ್ಯಾಡ ಬ್ಯಾಡ ಅಂತೈತೆ ಬಾಯಿ,
ಬಾರೋ ಅಂತೈತೆ ಕಣ್ಣು.
ಬುಟ್ಟಿ ಹೊನ್ನಿ ಕೈಯ ಹಿಡಿದ್ರೆ
ಕೊಸರಿದ್ರೇನೇ ಹೆಣ್ಣು!

ಇಂದ್ರಮ್ಮ ಉಳಿದ ನೀರನ್ನು ಅಕ್ಕನ ತಲೆಗೆ ಹುಯ್ದಳು. ಕೂದಲು ಬೋಳಾಗುವಷ್ಟು ತೆಳ್ಳಗಾಗಿತ್ತು. ನೆತ್ತಿಯ ಮೇಲೆ ಅಂಗೈ ಇಟ್ಟು ಉಜ್ಜಿದಳು. ಹಿಂದೊಮ್ಮೆ ಇದೇ ನೆತ್ತಿಯ ಮೇಲೆ ಕೈಯಿಟ್ಟು ಆಣೆ ಮಾಡಿದ್ದಳು. ಆ ಆಣೆಯನ್ನು ಇಂದಿಗೂ ಮುರಿದಿರಲಿಲ್ಲ.

ಜಗಲಿಯಲ್ಲಿ ಅಪ್ಪ ಮಗಳ ವಾದ ನಡೆದಿತ್ತು. ರವಿ ಹೊನ್ನಮ್ಮನ ಹಿರಿಮಗ, ಹಾನುಬಾಳಿನಲ್ಲಿ ಬಾಡಿಗೆಗೆ ಜೀಪು ಓಡಿಸುವವನು. ಅವನ ಮಗಳು ಶೃತಿ ಹಾಸನದಲ್ಲಿ ಬಿ.ಎಡ್. ಓದುತ್ತಿದ್ದಳು. ಅರಿಶಿನದ ಬಟ್ಟಲು ತರಲು ಒಳಗೆ ಹೊರಟ ಇಂದ್ರಮ್ಮ ಬಾಗಿಲಲ್ಲೇ ನಿಂತಳು.

"ಅಪ್ಪ, ಬೇರೆ ಯಾವ್ದಾದ್ರೂ ನುಡಿಸ್ಲಿ. ಆ ಹಾಡಿನ ಮಾತುನ್ನ ಒಂದ್ಸಲನಾದ್ರೂ ಗಮನ ಕೊಟ್ಟು ಕೇಳಿದೀಯಾ? ಹುಡುಗಿ ಬೇಡ ಅಂತಾಳೆ, ಅವನು ಬಿಡಲ್ಲ. ಇವತ್ತು ಯಾರಾದ್ರೂ ಹಂಗೆ ಮಾಡಿದ್ರೆ ಪೊಲೀಸ್ ಕೇಸು."

"ಇವತ್ತಿನ ಕಣ್ಣಲ್ಲಿ ನೋಡಿದ್ರೆ ಹಳೇ ಹಾಡು ಒಂದೂ ಉಳಿಯಕಿಲ್ಲ ಕಣವ್ವ. ಆ ಕಾಲಕ್ಕೆ ಅದು ತಮಾಷೆ, ಅಷ್ಟೆ."

"ಮತ್ತಿನ್ನೇನು!" ಚಟ್ಟಕ್ಕೆ ಬಿದಿರು ಸೀಳುತ್ತಿದ್ದ ಊರಿನ ಹಿರಿಯ ದ್ಯಾವಯ್ಯ ಕತ್ತಿ ಕೆಳಗಿಟ್ಟ. "ಆಗಿನ ಹೆಂಗಸ್ರು ಹಿಂಗೆ ಮಾತಿಗೊಂದು ತಪ್ಪು ಹುಡುಕ್ತಿರ್ಲಿಲ್ಲ ಮಾರಾಯ. ಕೇಳಿ ನಗ್ತಿದ್ರು."

"ನಾನು ಆಗಿನೋರನ್ನ ಬಯ್ತಾ ಇಲ್ಲ ತಾತ," ಎಂದಳು ಶೃತಿ. "ಅವರಿಗೆ ಪಾಪ ತಿಳೀತಿರಲಿಲ್ಲ. ನಮಗೆ ಈಗ ತಿಳಿದಿದೆಯಲ್ಲ, ಅದಕ್ಕೆ ಹೇಳಿದ್ದು."

ಇಂದ್ರಮ್ಮನಿಗೆ ಮೈಯೆಲ್ಲ ಉರಿಯಿತು. ಅಪ್ಪನ ಮಾತಿಗಿಂತ ಮಗಳ ಮಾತೇ ಹೆಚ್ಚು ಚುಚ್ಚಿತು. ಹುಡುಗಿ ಒಳ್ಳೆಯವಳು, ಒಳ್ಳೆಯದನ್ನೇ ಆಡಿದ್ದಳು. ಆದರೂ ಆಗಿನವರಿಗೆ ತಿಳಿಯುತ್ತಿರಲಿಲ್ಲವಂತೆ! ಹೊನ್ನಕ್ಕನಿಗೆ ತಿಳಿದಿರಲಿಲ್ಲವೇ?

*

ಅದು ಹೊನ್ನಕ್ಕನ ಮದುವೆಗೆ ಮುಂಚಿನ ಒಂದು ಕಾಫಿ ಕುಯ್ಲಿನ ಕಾಲ. ಅವ್ವ ಜ್ವರದಲ್ಲಿ ಕೂಲಿಯವರ ಲೈನ್‌ಮನೆಯಲ್ಲಿ ಮಲಗಿದ್ದರಿಂದ ಅಕ್ಕನ ಜೊತೆಗೆ ಇಂದ್ರಿಯೂ ಶಾಲೆ ಬಿಟ್ಟು ತೋಟಕ್ಕೆ ಹೋಗುತ್ತಿದ್ದಳು. ಸಂಜೆ ಹಣ್ಣಿನ ಅಳತೆ ಮುಗಿದ ಮೇಲೆ ಖಾಲಿ ಬುಟ್ಟಿ ತೊಳೆಯಲು ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಹಿಂದಿನ ತೊಟ್ಟಿಗೆ ಹೋಗುವುದು ರೂಢಿ. ಅವತ್ತು ಅಕ್ಕ ಮುಂದೆ ಹೋದಳು. ಇಂದ್ರಿ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿ ಹಿಂದೆ ಉಳಿದಳು.

ಅವಳು ಮೂಲೆ ತಿರುಗಿದಾಗ ಎಸ್ಟೇಟಿನ ಹಬ್ಬಕ್ಕೆ ಮೈಕು ಕಟ್ಟಲು ಬಂದಿದ್ದ ರುದ್ರಯ್ಯ ಅಕ್ಕನನ್ನು ಗೋಡೆಗೆ ಒತ್ತಿ ಹಿಡಿದಿದ್ದ. ಒಂದು ಕೈ ಅವಳ ಬಾಯಿಯ ಮೇಲಿತ್ತು. ಇನ್ನೊಂದು ಕೈ ಎಲ್ಲಿತ್ತೆಂಬುದನ್ನು ಇಂದ್ರಮ್ಮ ಇಂದಿಗೂ ನೆನೆಯುವುದಿಲ್ಲ. ಅಕ್ಕನ ಕಾಲುಗಳು ತಿಪ್ಪೆಯ ಮೇಲೆ ಜಾರುತ್ತಿದ್ದವು. ಕೊಳೆತ ಹಣ್ಣಿನ ಸಿಪ್ಪೆಯ ಹುಳಿ ವಾಸನೆ ಗಪ್ಪೆಂದು ಮೂಗಿಗೆ ಹೊಡೆದಿತ್ತು. ಇಂದ್ರಿ ಕಿಟಾರನೆ ಕಿರುಚಿದಳು. ಅದೇ ಹೊತ್ತಿಗೆ ಅಕ್ಕ ಅವನ ಕೈ ಕಚ್ಚಿದಳು. ಬಾಯಿ ತುಂಬ ರಕ್ತವಾಗುವ ಹಾಗೆ ಕಚ್ಚಿದಳು. ಅವನು ಕೆಟ್ಟ ಮಾತು ಬೈದು ಓಡಿದ.

ಅಕ್ಕ ತೊಟ್ಟಿಯ ನೀರಿನಲ್ಲಿ ಬಾಯಿ ಮುಕ್ಕಳಿಸಿದಳು, ಮತ್ತೆ ಮುಕ್ಕಳಿಸಿದಳು. ಆಮೇಲೆ ತಂಗಿಯ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡು, ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡಿಸಿದಳು.

ಮಳೆಗಾಲ ಹಿಡಿಯುವ ಹೊತ್ತಿಗೆ ಹಾಡು ಬಂತು. ಅವನು ಮಾಡಿದ್ದನ್ನೇ ಅವನು ಹಾಡು ಮಾಡಿದ್ದ. ಕೊಸರಿದ್ದು, ಕಚ್ಚಿದ್ದು, ಯಾವುದನ್ನೂ ಬಿಟ್ಟಿರಲಿಲ್ಲ. ಲೈನಿನ ಗಂಡಸರು ಹೆಂಗಸರೆಲ್ಲ ಟೇಪ್‌ರೆಕಾರ್ಡರ್ ಸುತ್ತ ಕೂತು ನಕ್ಕರು. "ನಮ್ ಹೊನ್ನಿ ಮೇಲೇ ಹಾಡು ಕಟ್ಟವ್ನಲ್ಲೋ!" ಎಂದು ತೋಟದ ರೈಟರ್ ಕೂಡ ಬಂದು ಕೇಳಿ ಹೋದ.

"ಹೇಳಾನಾ ಅಕ್ಕ?" ಎಂದು ಇಂದ್ರಿ ಕೇಳಿದ್ದಳು.

"ಹೇಳ್ಬ್ಯಾಡ ಕಣೇ. ಈಗ ಅದು ಬರೀ ಹಾಡು. ನಾವು ಬಾಯಿ ಬಿಟ್ರೆ ನಿಜ ಆಗೋಯ್ತದೆ."

*

ರುದ್ರಯ್ಯ ಬಂದಿಳಿದ. ಕೂದಲಿಗೆ ಕಡುಗಪ್ಪು ಬಣ್ಣ, ಹೆಗಲ ಮೇಲೆ ಯಾವುದೋ ಸನ್ಮಾನದ ಜರಿಶಾಲು. ಸಾವಿನ ಮನೆಗೆ ಸನ್ಮಾನದ ಶಾಲು ಹೊದ್ದು ಬಂದ ಗಂಡಸು! ಹೆಣಕ್ಕೆ ಕೈಮುಗಿಯುವ ಶಾಸ್ತ್ರ ಮುಗಿಸಿ ಜಗಲಿಯಲ್ಲಿ ಕೂತ. ಹುಡುಗರು ಫೋನು ಹಿಡಿದು ಸುತ್ತ ನೆರೆದರು.

"ಎಷ್ಟೋ ಜನ ಹೆಂಗಸ್ರು ಬಂದ್ರು, ಹೋದ್ರು. ನಾನು ಹಾಡು ಕಟ್ದೆ ಇದ್ದಿದ್ರೆ ಈವಮ್ಮ ಯಾರು ಅಂತ ಯಾರಿಗ್ ಗೊತ್ತಾಗ್ತಿತ್ತು ಹೇಳಿ," ಎಂದ ರುದ್ರಯ್ಯ.

"ಕೈ ತೋರ್ಸಿ ರುದ್ರಣ್ಣ, ಆ ಗುರುತು ತೋರ್ಸಿ," ಎಂದ ಒಬ್ಬ ಹುಡುಗ.

ರುದ್ರಯ್ಯ ನಗುತ್ತಾ ಕೈ ಮುಂದೆ ಮಾಡಿದ. ಹೆಬ್ಬೆರಳ ಬುಡದಲ್ಲಿ ಹಲ್ಲಿನ ಬಿಳಿಗುರುತು ಇನ್ನೂ ಇತ್ತು. ಆರ್ಕೆಸ್ಟ್ರಾದ ವೇದಿಕೆಯ ಮೇಲೆ ಕೊನೆಯ ಚರಣಕ್ಕೆ ಬಂದಾಗಲೆಲ್ಲ ಅವನು ಅದನ್ನು ಎತ್ತಿ ತೋರಿಸುತ್ತಿದ್ದ, ಜನ ಸಿಳ್ಳೆ ಹೊಡೆಯುತ್ತಿದ್ದರು. ಈಗ ಒಳಗೆ ಹೆಣಕ್ಕೆ ಸೀರೆ ಉಡಿಸುತ್ತಿರುವಾಗ ಹೊರಗೆ ಅದನ್ನು ಫೋನಿನ ಮುಂದೆ ಹಿಡಿದು, "ಮೆಚ್ಚಿದ ಗುರುತು ಕಣ್ರೋ ಇದು," ಎಂದ.

ಇಂದ್ರಮ್ಮ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡಳು. ಬೆಳಗಿನಿಂದ ಏನೂ ತಿಂದಿರಲಿಲ್ಲ, ಬರೀ ಹುಳಿನೀರು ಬಂತು. ಬಾಯಿ ತೊಳೆದುಕೊಂಡು ರವಿಯನ್ನು ಒಳಕೋಣೆಗೆ ಕರೆದಳು.

"ಆ ಹಾಡು ಬ್ಯಾಡ ಕಣೋ ರವಿ. ಅವನ್ನ ಕಳಿಸ್ಬುಡು."

"ನೀನೂ ಶೃತಿ ಮಾತು ಕೇಳ್ಕಂಡ್ಯಾ ಚಿಕ್ಕವ್ವ?"

"ನಿಮ್ಮವ್ವಂಗೆ ಇಷ್ಟ ಇರ್ಲಿಲ್ಲ."

"ಅವ್ವ ಒಂದಿನಾನೂ ಬ್ಯಾಡ ಅಂದಿಲ್ವಲ್ಲ!" ರವಿ ಟವೆಲಿನಿಂದ ಮುಖ ಒರೆಸಿಕೊಂಡ. "ಜೀವ್ಮಾನೆಲ್ಲ ಇನ್ನೊಬ್ರ ತೋಟದಲ್ಲಿ ಬಗ್ಗಿ ಕೆಲ್ಸ ಮಾಡಿ ಸತ್ತೋದ್ಲು. ಅವಳಿಗೆ ಅಂತ ಇರೋದು ಅದೊಂದೇ ಹಾಡು. ಅದೂ ಇಲ್ದಂಗೆ ಕಳಿಸ್ಲಾ?"

ಇಂದ್ರಮ್ಮ ಬಾಯಿ ತೆರೆದಳು. ಆಣೆ ಅಡ್ಡ ಬಂತು. ಅಷ್ಟರಲ್ಲಿ ಯಾರೋ ಕರೆದರು, ರವಿ ಹೋದ.

*

ಹೊನ್ನಮ್ಮ ಯಾರ ಮದುವೆಯಲ್ಲೂ ಊಟಕ್ಕೆ ಕೂತವಳಲ್ಲ. ಹಿಂದಿನ ದಿನವೇ ಮದುವೆಮನೆಗೆ ಹೋಗಿ ರಾಶಿ ತರಕಾರಿ ಹೆಚ್ಚಿ, ಕಾಯಿ ತುರಿದು, ಮೈಕಿನವರು ಬಂದು ವೈರು ಎಳೆಯುವ ಮೊದಲೇ ಹೊರಟುಬಿಡುವಳು. "ಹಾಡಿನ ಹೆಂಗ್ಸು, ಬಿಗುಮಾನ ಜಾಸ್ತಿ," ಎಂದು ಊರವರು ಆಡಿಕೊಂಡರು. ರವಿಯ ಮದುವೆಯಲ್ಲಿ ಹುಡುಗರು ಹಾಡು ಹಾಕಿ ಅವಳನ್ನು ಎಳೆತರಲು ಹೋದರೆ ಉಗ್ರಾಣದ ಒಳಗಿನಿಂದ ಅಗುಳಿ ಹಾಕಿಕೊಂಡಿದ್ದಳು. ನಾಚಿಕೆ ಎಂದು ಎಲ್ಲರೂ ನಕ್ಕರು.

ಗಂಡ ಬಸವಯ್ಯ ಕೆಟ್ಟವನಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಆದರೆ ಹೆಂಡತಿಯ ಹಾಡೆಂದರೆ ಅವನಿಗೂ ಹೆಮ್ಮೆ. ಗಡ್ಡ ಹೆರೆದುಕೊಳ್ಳುವಾಗ ಅದನ್ನೇ ಗುನುಗುತ್ತಿದ್ದ, ಪ್ರೀತಿ ಬಂದಾಗಲೂ ಅದನ್ನೇ ಗುನುಗುತ್ತಿದ್ದ. ಹೊನ್ನಮ್ಮ ಎದ್ದು ಕೊಟ್ಟಿಗೆಗೆ ಹೋಗಿಬಿಡುವಳು. ಅವನು ಸತ್ತ ಮಾರನೆಯ ವಾರ ಅವಳು ತಂಗಿಯೊಂದಿಗೆ ಒಂದೇ ಒಂದು ಮಾತು ಆಡಿದ್ದಳು.

"ಮನೆ ಒಳಗಾದ್ರೂ ನಿಂತೋಯ್ತು ಕಣೇ ಇಂದ್ರಿ."

ಗಂಡ ಸತ್ತವಳ ಬಾಯಲ್ಲಿ ಇಂಥ ಮಾತು ಬರಿಸಿದ ಹಾಡು ಅದು. ಜನ ಅದನ್ನು ತಮಾಷೆ ಅನ್ನುತ್ತಿದ್ದರು.

*

ಸುಡುಗಾಡಿನ ಅರ್ಧ ದಾರಿಯಲ್ಲಿ ಒಂದು ಚಪ್ಪಟೆ ಕಲ್ಲಿದೆ. ಚಟ್ಟವನ್ನು ಅಲ್ಲಿ ಇಳಿಸಿ, ಹೆಣದ ತಲೆಯ ದಿಕ್ಕು ತಿರುಗಿಸಿ, ಮತ್ತೆ ಎತ್ತಿದರೆ ಸೌದೆಯ ಮೇಲೆಯೇ ಇಳಿಸಬೇಕು, ನಡುವೆ ನೆಲ ಮುಟ್ಟಿಸುವಂತಿಲ್ಲ. ಹೆಂಗಸರು ಬರುವುದೂ ಆ ಕಲ್ಲಿನವರೆಗೇ. ಅವ್ವನ ಕಾರ್ಯ ಕಿರಿಮಗನ ಪಾಲಿನದು. ಹಾಗಾಗಿ ರವಿಯ ತಮ್ಮ ವೆಂಕಟೇಶ ಒದ್ದೆ ಪಂಚೆಯಲ್ಲಿ ಬೆಂಕಿಮಡಕೆ ಹಿಡಿದು ಮುಂದಿದ್ದ. ರವಿ ಚಟ್ಟಕ್ಕೆ ಹೆಗಲು ಕೊಟ್ಟಿದ್ದ.

ಇಳಿಸಿದರು, ತಿರುಗಿಸಿದರು. ಬ್ಯಾಂಡಿನವನು ರುದ್ರಯ್ಯನ ಕೈಗೆ ಮೈಕು ಕೊಟ್ಟ. ರುದ್ರಯ್ಯ ಕೆಮ್ಮಿ ಗಂಟಲು ಸರಿಮಾಡಿಕೊಂಡು ಹೆಣದ ಕಡೆಗೆ ಆ ಗುರುತಿನ ಕೈ ಚಾಚಿದ.

ಇಂದ್ರಮ್ಮ ನಡೆದು ಹೋಗಿ ಅವನಿಗೂ ಅಕ್ಕನಿಗೂ ನಡುವೆ ನಿಂತಳು.

"ಆ ಕೈ ನನ್ನಕ್ಕನ ತಾವಕ್ಕೆ ತರ್ಬ್ಯಾಡ."

"ಇದೇನು ಇಂದ್ರವ್ವ…"

"ರವಿ, ಆ ಗುರುತು ಹೆಂಗಾಯ್ತು ಅಂತ ಕೇಳೋ ಇವನ್ನ. ನಾನೇ ಹೇಳ್ತೀನಿ ಕೇಳು. ಪಲ್ಪರ್ ಮನೆ ಹಿಂದೆ ನಿಮ್ಮವ್ವನ ಬಾಯಿ ಮುಚ್ಚಿ ಗೋಡೆಗೆ ಅಮುಕಿದ್ದ. ಕೆಡಿಸ್ಬುಡ್ತಿದ್ದ. ಕಚ್ಚಿ ಬಿಡಿಸ್ಕಂಡ್ಲು. ನಾನು ಅಲ್ಲೇ ಇದ್ದೆ, ಕಣ್ಣಾರೆ ನೋಡಿವ್ನಿ. ಹಾಡಲ್ಲ ಕಣೋ ಅದು. ಇವನು ಮಾಡಿದ್ದು."

ಬ್ಯಾಂಡಿನವನ ಡೋಲಿನ ಕಡ್ಡಿ ಮೇಲೆತ್ತಿದ ಹಾಗೆಯೇ ನಿಂತಿತು. ರುದ್ರಯ್ಯನ ಮುಖದಲ್ಲಿ ನಗು ಇನ್ನೂ ಉಳಿದಿತ್ತು, ಅದನ್ನು ಏನು ಮಾಡಬೇಕೆಂದು ಅವನಿಗೆ ತೋಚಲಿಲ್ಲ.

"ಹುಡುಗಾಟದ ವಯಸ್ಸು. ಆ ಕಾಲ್ದಲ್ಲಿ ಅದೆಲ್ಲ…"

"ಯಾವ ಕಾಲ್ದಲ್ಲೋ?" ಇಂದ್ರಮ್ಮ ಒಂದು ಹೆಜ್ಜೆ ಮುಂದಿಟ್ಟಳು. "ಆ ಕಾಲ್ದಲ್ಲಿ ಅವಳಿಗೆ ಮೈ ಇರ್ಲಿಲ್ವಾ? ತಿಳೀತಿರ್ಲಿಲ್ಲ ಅಂತೀರಲ್ಲ ಎಲ್ರೂ, ಅವಳಿಗೆ ಅವತ್ತೇ ತಿಳೀತು. ರಕ್ತ ಬರಂಗೆ ಕಚ್ಚಿದ್ಲಲ್ಲೋ, ಇನ್ನೆಂಗ್ ಹೇಳ್ಬೇಕಿತ್ತು?"

ಶೃತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ದ್ಯಾವಯ್ಯ ಬಾಯಿ ಬಿಟ್ಟ.

"ಹೆಣ ಮುಂದಿಟ್ಕಂಡು ಇವೆಲ್ಲ ಯಾಕವ್ವ ಈಗ. ಹೊತ್ತಾಯ್ತು, ಎತ್ತಿ."

ಇಷ್ಟು ಕೇಳಿದ ಮೇಲೂ ಇವರ ಬಾಯಲ್ಲಿ ಬಂದದ್ದು ಹೊತ್ತಿನ ಮಾತು. ಇಂದ್ರಮ್ಮನಿಗೆ ರುದ್ರಯ್ಯನ ಮೇಲಿದ್ದಷ್ಟೇ ಅಸಹ್ಯ ಅಲ್ಲಿದ್ದ ಒಬ್ಬೊಬ್ಬರ ಮೇಲೂ ಬಂತು. ಕುಣಿದವರು, ಸಿಳ್ಳೆ ಹೊಡೆದವರು, ಅವಳನ್ನು ಎಳೆತರಲು ಹೋದವರು ಎಲ್ಲ ಇವರೇ.

ರವಿ ಮುಂದೆ ಬಂದ. ರುದ್ರಯ್ಯನ ಕೈಯಿಂದ ಮೈಕು ಕಿತ್ತುಕೊಂಡು ಬ್ಯಾಂಡಿನವನಿಗೆ ಕೊಟ್ಟ.

"ಹೋಗ್ರಪ್ಪ ನೀವು. ಏನೂ ಬಾರಿಸ್ಬ್ಯಾಡಿ. ನೀನೂ ಹೋಗು," ಎಂದು ರುದ್ರಯ್ಯನಿಗೆ ಹೇಳಿದ. ಚಿಕ್ಕಮ್ಮನ ಮುಖ ನೋಡಲಾಗದೆ ಬಗ್ಗಿ ಚಟ್ಟದ ಬಿದಿರಿಗೆ ಹೆಗಲು ಕೊಟ್ಟ.

ಇಂದ್ರಮ್ಮ ಕಲ್ಲಿನ ಪಕ್ಕದಲ್ಲಿ ನಿಂತಳು. ಆಣೆ ಮುರಿದಿತ್ತು. ಆದರೂ ಎದೆಯೊಳಗೆ ಏನೋ ಇಳಿದ ಹಾಗಾಗಿ, ಬೆಳಗಿನಿಂದ ಬಾರದಿದ್ದ ಅಳು ಬಂತು. ಹೊನ್ನಕ್ಕ ಸುಮ್ಮನೆ ಹೋಗುತ್ತಿದ್ದಳು. ಪೀಪಿಯಿಲ್ಲ, ಡೋಲಿಲ್ಲ. ಮದುವೆಮನೆಯಿಂದ ಮೈಕು ಕಟ್ಟುವ ಮೊದಲು ಹೊರಟವಳ ಹಾಗೆ ಹೋಗುತ್ತಿದ್ದಳು.

ಇಳಿಜಾರಿನಲ್ಲಿ ಎರಡು ಬೇಲಿಗಳ ನಡುವೆ ಚಟ್ಟ ಹಿಡಿಸುವಷ್ಟೇ ದಾರಿ. ಅವರು ಅರ್ಧ ಇಳಿದಿರಬೇಕು, ರವಿಯ ಅಂಗಿಯ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಹೊರಟಾಯಿತೇ ಎಂದು ಕೇಳಲು ಯಾರೋ ನೆಂಟರು ಮಾಡಿದ್ದಿರಬಹುದು. ಅವನ ರಿಂಗ್‌ಟೋನಿನಲ್ಲಿ ಹರೆಯದ ರುದ್ರಯ್ಯನ ದನಿ ಗಟ್ಟಿಯಾಗಿ ಎದ್ದು ಬಂತು. ಬ್ಯಾಡ ಬ್ಯಾಡ ಅಂತೈತೆ ಬಾಯಿ.

ರವಿಯ ಎರಡು ಕೈಯೂ ಬಿದಿರಿನ ಮೇಲಿದ್ದವು. ಕಲ್ಲು ದಾಟಿಯಾಗಿತ್ತು, ಇಳಿಸುವಂತಿರಲಿಲ್ಲ. ಪಕ್ಕಕ್ಕೆ ಬರಲು ಯಾರಿಗೂ ಜಾಗವಿರಲಿಲ್ಲ. ಅವನು ಕತ್ತು ಹೊರಳಿಸಿ ಗದ್ದದಿಂದ ಜೇಬನ್ನು ಒತ್ತಿದ, ಮತ್ತೆ ಒತ್ತಿದ. ಹಾಡು ನಿಂತಿತು. ನೆಂಟರು ಮತ್ತೆ ಮಾಡಿದರು. ಹಾಡು ಮೊದಲಿನಿಂದ ಶುರುವಾಯಿತು.

ಇಂದ್ರಮ್ಮ ಕಲ್ಲಿನ ಬಳಿಯಿಂದ ನೋಡುತ್ತಿದ್ದಳು. ಇಳಿಜಾರಿನಲ್ಲಿ ಒಬ್ಬೊಬ್ಬರ ಕಾಲು ಒಂದೊಂದು ಕಡೆ ಬೀಳುತ್ತಿತ್ತು. ಹಿಂದಿನ ಇಬ್ಬರ ಹೆಜ್ಜೆ ಮೊದಲು ಸರಿಹೋಯಿತು, ಆಮೇಲೆ ಮುಂದಿನವನದು. ಯಾರೂ ಬೇಕೆಂದು ಮಾಡಲಿಲ್ಲ. ಕೊನೆಗೆ ರವಿಯ ಹೆಜ್ಜೆಯೂ ಅದಕ್ಕೇ ಬಿತ್ತು. ಹಾಡಿನ ತಾಳಕ್ಕೆ ನಾಲ್ವರ ಹೆಗಲೂ ಒಟ್ಟಿಗೆ ಏರಿ ಇಳಿದು, ಚಟ್ಟದ ಮೇಲೆ ಹೊನ್ನಮ್ಮನ ತಲೆ ಅತ್ತ ಇತ್ತ ಆಡುತ್ತಾ ಬೇಲಿಯ ತಿರುವಿನಲ್ಲಿ ಮರೆಯಾಯಿತು.