ಎರಡು ಅಮ್ಮನ ಮಗು

ಇಂಗ್ಲೆಂಡಿನಲ್ಲಿ ಮುನ್ನೂರು ವರ್ಷಗಳ ಹಿಂದೆ ಸತ್ತವರ ಹೆಸರುಗಳನ್ನು ಸೌದಿ ಅರೇಬಿಯದ ಖಮೀಸ್ ಮುಶೈತಿನ ಅಡುಗೆಮನೆಯಲ್ಲಿ ಕುಳಿತು ಟೈಪ್ ಮಾಡುವವಳು ನಾನು. ಸಂಬಳವಿಲ್ಲ, ಸನ್ಮಾನವಿಲ್ಲ. ನನ್ನ ಗಂಡ ಅಬ್ದುಲ್ ಮಜೀದ್ ಐದು ವರ್ಷಗಳಿಂದ ಇದನ್ನು ನೋಡಿ ನಗುತ್ತಿದ್ದಾರೆ. "ಊರಿಗೆ ಉಪಕಾರಿ, ಮನೆಗೆ ಮಾರಿ. ಆ ಬಿಳಿಯರ ಅಜ್ಜ ಪಿಜ್ಜ ನಿನಗೆ ಎಂತ ಆಗ್ಬೇಕು ಶಮೀರಾ?" ಎನ್ನುತ್ತಾರೆ. ಏನೂ ಆಗಬೇಕಾಗಿಲ್ಲ. ಮಂಗಳೂರಿನಲ್ಲಿ ಇಂಗ್ಲಿಷ್ ಬಿ.ಎ. ಮುಗಿಸಿ, ಆಮೇಲೆ ಇಪ್ಪತ್ತನಾಲ್ಕು ವರ್ಷ ಇಲ್ಲಿ ತುಪ್ಪದನ್ನ ಬೇಯಿಸಿದವಳಿಗೆ ಓದಲು ಏನಾದರೂ ಬೇಕಲ್ಲ.

ಕೆಲಸ ಇಷ್ಟೇ. ಮಾರ್ಶ್ ಎಲ್ಡನ್ ಎಂಬ ಹಳ್ಳಿಯ ಚರ್ಚಿನಲ್ಲಿ ಹಳೆಯ ದಾಖಲೆ ಪುಸ್ತಕಗಳಿವೆ. ಯಾವ ಮಗುವಿಗೆ ಎಂದು ಜ್ಞಾನಸ್ನಾನವಾಯಿತು, ಯಾರಿಗೆ ಯಾರೊಡನೆ ಮದುವೆಯಾಯಿತು, ಯಾರನ್ನು ಯಾವ ದಿನ ಮಣ್ಣು ಮಾಡಿದರು, ಎಲ್ಲವನ್ನೂ ಪಾದ್ರಿಗಳು ಕೈಯಲ್ಲಿ ಬರೆದಿಟ್ಟಿದ್ದಾರೆ. ಆ ಪುಟಗಳ ಫೋಟೊ ತೆಗೆದು ಊರಿನವರು ಇಂಟರ್ನೆಟ್ಟಿಗೆ ಹಾಕಿದ್ದಾರೆ. ಕಾಗೆಕಾಲು ಗುಬ್ಬಿಕಾಲಿನಂಥ ಆ ಅಕ್ಷರಗಳನ್ನು ನನ್ನಂಥವರು ಬಿಡಿಸಿ ಟೈಪ್ ಮಾಡಿದರೆ, ಎಲ್ಲೋ ಇರುವ ಯಾರೋ ತಮ್ಮ ಮುತ್ತಜ್ಜಿಯನ್ನು ಹುಡುಕಿಕೊಳ್ಳುತ್ತಾರೆ. ನಮ್ಮ ಮೇಲ್ವಿಚಾರಕಿ ಮಿಸೆಸ್ ಗ್ರೀನ್‌ವೇ, ಅದೇ ಹಳ್ಳಿಯ ನಿವೃತ್ತ ಟೀಚರ್. ಅವರದು ಒಂದೇ ಕಟ್ಟಪ್ಪಣೆ: ಕಂಡದ್ದನ್ನು ಕಂಡ ಹಾಗೆ ಬರೆಯಿರಿ, ತಿದ್ದಬೇಡಿ, ಮುಚ್ಚಬೇಡಿ.

ಆ ತಿಂಗಳು ನಮ್ಮ ಒಬ್ಬಳೇ ಮಗಳು ಹನಾನ್‌ಳ ನಿಕಾಹ್‌ಗೆ ಮೂರು ವಾರ ಬಾಕಿ ಇತ್ತು. ಹುಡುಗ ಅಜ್ಮಲ್, ಸೌದಿಯದೇ ಇನ್ನೊಂದು ಊರು ಉನೈಜಾದಲ್ಲಿ ಇಂಜಿನಿಯರ್. ಅವನ ತಾಯಿ ಫಾತಿಮತ್ ನನಗೆ ಇಪ್ಪತ್ತೆರಡು ವರ್ಷದ ಗೆಳತಿ. ನಮ್ಮ ಪರಿಚಯವಾದದ್ದು ಹನಾನ್ ಹುಟ್ಟಿದ ಆಸ್ಪತ್ರೆಯಲ್ಲಿ. ಹೆರಿಗೆಯಲ್ಲಿ ರಕ್ತ ಹೋಗಿ ನಾಲ್ಕು ದಿನ ನನಗೆ ಪ್ರಜ್ಞೆ ಇರಲಿಲ್ಲ. ಅದೇ ದಿನ ಫಾತಿಮತ್‌ಗೂ ಒಂದು ಹೆಣ್ಣು ಮಗು ಹುಟ್ಟಿ, ಎರಡನೇ ದಿನ ತೀರಿಕೊಂಡಿತು. ಮೂರು ವರ್ಷದ ಅಜ್ಮಲ್‌ನನ್ನು ಹೆಗಲ ಮೇಲೆ ಹಾಕಿಕೊಂಡಿದ್ದ ಅವಳ ಗಂಡ ಹುಸೈನ್ ಮತ್ತು ನನ್ನ ಜೀವಕ್ಕಾಗಿ ತಸ್ಬೀಹ್ ಮಣಿ ಎಣಿಸುತ್ತಿದ್ದ ನಮ್ಮವರು ಒಂದೇ ಬೆಂಚಿನಲ್ಲಿ ಕುಳಿತು ಅಣ್ಣ ತಮ್ಮಂದಿರಂತಾದರು. ಆ ಅಜ್ಮಲ್‌ನೇ ಈಗ ಅಳಿಯ. ಬಂದ ಎರಡು ಸಂಬಂಧಗಳನ್ನು ಬೇಡವೆಂದ ನನ್ನ ಮಗಳು, ಈ ಹೆಸರು ಕೇಳಿದಾಗ ಮಾತ್ರ ತಲೆ ತಗ್ಗಿಸಿ ಅಡುಗೆಮನೆಗೆ ಓಡಿದ್ದಳು. ಅಷ್ಟು ಸಂತೋಷ ನನ್ನ ಮನೆಯಲ್ಲಿ ಹಿಂದೆಂದೂ ಆದದ್ದಿಲ್ಲ.

ಅದೇ ವಾರ ನನ್ನ ಪಾಲಿಗೆ ಬಂದದ್ದು 1741ರ ಚಳಿಗಾಲದ ಪುಟ. ಮಣ್ಣು ಮಾಡಿದವರ ಪಟ್ಟಿ. ಅದರಲ್ಲಿ ಏಳು ಸಾಲುಗಳು ಹೆಚ್ಚುಕಡಿಮೆ ಒಂದೇ ಥರ: "ನರ್ಸ್ ಚೈಲ್ಡ್, ವಿಧವೆ ಟ್ಯಾನ್ಸ್ಲಿಯ ಮನೆಯಿಂದ." ಒಂದಕ್ಕೂ ಹೆಸರಿಲ್ಲ. ತಂದೆತಾಯಿಯ ಉದ್ಯೋಗದ ಕಾಲಮ್ಮಿನಲ್ಲಿ ನಾನು ಏಳು ಸಲ "ನರ್ಸ್" ಎಂದು ತುಂಬಿದೆ. ಇನ್ನೇನು ತುಂಬಲಿ? ಈ ಊರಿನಲ್ಲಿ ನಮ್ಮ ಕಡೆಯ ಹೆಂಗಸರೆಂದರೆ ಅರ್ಧಕ್ಕರ್ಧ ನರ್ಸುಗಳೇ. ಪಾಪ, ತಾಯಿ ಡ್ಯೂಟಿಯಲ್ಲಿದ್ದಾಗ ಮಕ್ಕಳು ಹೋದವು ಎಂದು ಮರುಗಿದ್ದೂ ಉಂಟು.

ಮರುದಿನ ಮಿಸೆಸ್ ಗ್ರೀನ್‌ವೇ ನಯವಾಗಿಯೇ ತಿದ್ದಿದರು. ನರ್ಸ್ ಚೈಲ್ಡ್ ಎಂದರೆ ನರ್ಸಿನ ಮಗುವಲ್ಲ; ಹೆತ್ತವಳ ಬದಲು ಬೇರೊಬ್ಬಳ ಎದೆಹಾಲು ಕುಡಿಯಲು ಕಳಿಸಿದ ಮಗು. ಆಗ ಲಂಡನ್ನಿನ ಶಿಶುಗಳನ್ನು ಹಳ್ಳಿಯ ಹೆಂಗಸರ ಬಳಿ ಬಿಡುತ್ತಿದ್ದರಂತೆ. ಕೊನೆಗೆ ಒಂದು ಸಾಲು ಸೇರಿಸಿದ್ದರು: "ಹಾಗೆ ಹಾಲು ಕುಡಿದು ಬದುಕಿದವರೂ ಎಷ್ಟೋ ಮಂದಿ ಇದ್ದಿರಬೇಕು. ಆದರೆ ಬದುಕಿದವರ ಬಗ್ಗೆ ಈ ಪುಸ್ತಕ ಏನೂ ಹೇಳುವುದಿಲ್ಲ."

ನನ್ನ ಪೆದ್ದುತನಕ್ಕೆ ನಾನೇ ನಕ್ಕೆ. ಆಮೇಲೆ ಅಕ್ಕಿ ತೊಳೆಯಲು ನಿಂತೆ. ಎರಡನೇ ನೀರು ಚೆಲ್ಲುವಾಗ ಕೈ ನಿಂತುಹೋಯಿತು.

ವಾರಿಜಾಕ್ಷಿ ಎಂಬ ನರ್ಸ್ ಒಬ್ಬಳಿದ್ದಾಳೆ. ಉಡುಪಿ ಕಡೆಯ ಹೆಜಮಾಡಿಯವಳು. ನನಗೆ ಪ್ರಜ್ಞೆ ಇಲ್ಲದ ಆ ನಾಲ್ಕು ದಿನ ಹನಾನ್‌ಳನ್ನು ನೋಡಿಕೊಂಡವಳು ಅವಳು. ಅಂದಿನಿಂದ ಹನಾನ್ ಕಂಡಾಗಲೆಲ್ಲ ಗಲ್ಲ ಹಿಂಡಿ, "ಇದು ಎರಡು ಅಮ್ಮನ ಮಗು" ಎನ್ನುತ್ತಾಳೆ. ಎರಡನೇ ಅಮ್ಮ ತಾನೇ ಎಂದು ಹೇಳುತ್ತಿದ್ದಾಳೆ ಎಂದುಕೊಂಡಿದ್ದೆ. ಆ ಪ್ರೀತಿಗಾಗಿಯೇ ಪ್ರತಿ ಪೆರ್ನಾಳ್ ಹಬ್ಬಕ್ಕೆ ಅವಳ ಪಾಲಿನ ಬಿರಿಯಾನಿಗೆ ಒಳ್ಳೆಯ ತುಂಡುಗಳನ್ನು ಆರಿಸಿ ಹಾಕುತ್ತಿದ್ದೆ. ನಾಲ್ಕು ದಿನ ನನ್ನ ಮಗು ಏನು ಕುಡಿದು ಬದುಕಿತು ಎಂದು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ನಮ್ಮಲ್ಲಿ ಇದು ಚಿಕ್ಕ ಮಾತಲ್ಲ. ಎರಡು ವರ್ಷದೊಳಗಿನ ಮಗು ಒಬ್ಬ ಹೆಂಗಸಿನ ಹಾಲನ್ನು ಐದು ಸಲ ಹೊಟ್ಟೆ ತುಂಬ ಕುಡಿದರೆ ಅವಳು ಆ ಮಗುವಿಗೆ ತಾಯಿಯೇ. ಅವಳು ಹೆತ್ತ ಮಕ್ಕಳೆಲ್ಲ ಅದಕ್ಕೆ ಅಣ್ಣ, ತಮ್ಮ, ಅಕ್ಕ, ತಂಗಿ. ಬಾಟಲಿಯಲ್ಲಿ ಕುಡಿಸಿದರೂ ಅಷ್ಟೇ. ಅಂಥವರ ನಡುವೆ ನಿಕಾಹ್ ಇಲ್ಲ. ತಿಳಿಯದೆ ನಡೆದಿದ್ದರೂ, ತಿಳಿದ ಗಳಿಗೆಗೆ ಗಂಡ ಹೆಂಡತಿ ಬೇರೆಯಾಗಬೇಕು. ಮದರಸದಲ್ಲಿ ಉಸ್ತಾದರು ಬಾಯಿಪಾಠ ಮಾಡಿಸಿದ್ದು ಇದು.

ವಾರಿಜಾಕ್ಷಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ, ಹೆದರಿದೆ. ಒಂದು ವಾರ ಕಂಪ್ಯೂಟರಿನ ಮುಂದೆ ಅಡಗಿ ಕುಳಿತೆ. ಅಲ್ಲಿಯೂ ಅದೇ ಕಾದಿತ್ತು. ಹೊಸದಾಗಿ ಬಂದದ್ದು ಮದುವೆ ಘೋಷಣೆಗಳ ಪುಸ್ತಕ. ಆ ಕಾಲದಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಹೆಣ್ಣು ಗಂಡಿನ ಹೆಸರನ್ನು ಚರ್ಚಿನಲ್ಲಿ ಓದಿ, ಈ ಮದುವೆ ಆಗಬಾರದೆಂಬುದಕ್ಕೆ ಕಾರಣ ಗೊತ್ತಿದ್ದವರು ಹೇಳಬೇಕು ಎಂದು ಕೇಳುತ್ತಿದ್ದರು. ಸೂಸನ್ನಾ ಹೋಲ್ಟ್ ಎಂಬ ಹುಡುಗಿಯ ಹೆಸರಿನ ಮುಂದೆ ಎರಡು ಭಾನುವಾರಗಳ ತಾರೀಕು ಇತ್ತು. ಮೂರನೆಯದರ ಜಾಗದಲ್ಲಿ, ಅಂಚಿನಲ್ಲಿ, ಬೇರೆ ಶಾಯಿಯಲ್ಲಿ: "ತಾಯಿ ತಡೆದಳು." ಕಾರಣ ಬರೆದಿರಲಿಲ್ಲ.

ಆ ತಾಯಿಗೆ ಏನು ಗೊತ್ತಿತ್ತು? ಮುಂದಿನ ನಲವತ್ತು ವರ್ಷಗಳ ಪುಟಗಳನ್ನು ತಿರುವಿದೆ. ಸೂಸನ್ನಾ ಮದುವೆಯ ಪುಟದಲ್ಲಿಲ್ಲ, ಮಣ್ಣು ಮಾಡಿದ ಪುಟದಲ್ಲೂ ಇಲ್ಲ. ತಾಯಿ ಬಾಯಿ ತೆರೆದ ಆ ದಿನದಿಂದ ಮಗಳು ಪುಸ್ತಕದಿಂದಲೇ ಕಾಣೆಯಾಗಿದ್ದಳು. ಪಕ್ಕದ ಕೋಣೆಯಲ್ಲಿ ಹನಾನ್ ಫೋನಿನಲ್ಲಿ ಅಜ್ಮಲ್ ಜೊತೆ ಮಾತಾಡುತ್ತ ನಗುತ್ತಿದ್ದಳು.

ಕಾರಿನ ಕೀ ತೆಗೆದುಕೊಂಡು ಹೊರಟೆ.

ನರ್ಸುಗಳ ಕ್ವಾರ್ಟರ್ಸಿನಲ್ಲಿ ವಾರಿಜಾಕ್ಷಿ ಕಾರ್ಟನ್‌ಗಳಿಗೆ ಹಗ್ಗ ಬಿಗಿಯುತ್ತಿದ್ದಳು. ಇಕಾಮಾ, ಅಂದರೆ ಇಲ್ಲಿನ ವಾಸದ ಪರವಾನಗಿ, ಮುಗಿಸಿ ಊರಿಗೇ ಹೋಗಿಬಿಡುವವಳು. ಎರಡು ದಿನ ಬಿಟ್ಟು ಗುರುವಾರ ವಿಮಾನ. ಹನಾನ್‌ಳ ನಿಕಾಹ್‌ಗೆ ನಿಲ್ಲಲಾಗಲಿಲ್ಲ ಎಂದು ಬಾಗಿಲಲ್ಲೇ ಕಣ್ಣೊರೆಸಿಕೊಂಡಳು.

"ಸಿಸ್ಟರ್," ಎಂದೆ, "ಹನಾನ್‌ಳನ್ನು ಎರಡು ಅಮ್ಮನ ಮಗು ಅಂತ ಯಾಕೆ ಹೇಳುದು ನೀವು?"

"ಮತ್ತೆ ಎಂತ ಹೇಳುದು ಶಮೀರಕ್ಕ? ನೀವು ಐಸಿಯುವಲ್ಲಿ. ಪೌಡರ್ ಹಾಲು ಕೊಟ್ರೆ ಮಗು ಎಲ್ಲ ವಾಂತಿ. ಎರಡು ದಿನದಲ್ಲಿ ಒಣಗಿ ಹೋಗಿತ್ತು. ಆಚೆ ರೂಮಲ್ಲಿ ಫಾತಿಮಕ್ಕ, ಮಗು ಹೋಗಿ ಆದ್ಮೇಲೆ ಹಾಲು ಬಂದು ಎದೆ ಕಲ್ಲಾಗಿ ಅಳುದು. ನಾನೇ ಪಂಪ್ ಹಾಕಿ ತೆಗ್ದೆ. ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ ಮಾರಾಯ್ರೆ."

"ಫಾತಿಮತ್‌ಗೆ ಗೊತ್ತುಂಟಾ?"

"ಇಲ್ಲಪ್ಪ! ಅವರ ಮಗು ಹೋಗಿ ಒಂದು ದಿನ ಆಗಿತ್ತಷ್ಟೆ. ನಿಮ್ಮ ಹಾಲು ಬೇರೆ ಮಗುವಿಗೆ ಕೊಟ್ಟೆ ಅಂತ ಹೇಗೆ ಹೇಳುದು? ಡಾಕ್ಟ್ರಿಗೂ ಹೇಳ್ಲಿಲ್ಲ. ನಾನು ಬಂದು ಎರಡು ತಿಂಗಳಾಗಿತ್ತು, ಕೆಲಸ ಹೋಗ್ತಿತ್ತು."

"ಎಷ್ಟು ಸಲ ಕೊಟ್ರಿ?"

"ಎರಡು ದಿನ, ಮೂರು ಗಂಟೆಗೊಂದು ಸಲ. ಗಟಗಟ ಕುಡೀತಿತ್ತು ಕಳ್ಳಿ!" ಹೇಳುತ್ತ ಅವಳ ಮುಖ ಅರಳಿತು. ಆಮೇಲೆ ನನ್ನ ಮುಖ ನೋಡಿ ಹಗ್ಗ ಕೆಳಗಿಟ್ಟಳು. "ಎಂತಾಯ್ತು ಅಕ್ಕ? ತಪ್ಪು ಮಾಡಿದ್ನಾ?"

ಅವಳ ಕೆನ್ನೆಗೆ ಬಾರಿಸಬೇಕೆನಿಸಿತು. ಅವಳ ಕಾಲು ಹಿಡಿಯಬೇಕೆಂದೂ ಅನಿಸಿತು. "ಇಲ್ಲ ಸಿಸ್ಟರ್. ನಿಮ್ಮಿಂದ ನನ್ನ ಮಗು ಉಳೀತು" ಎಂದೆ. ಅದು ಸುಳ್ಳಲ್ಲ. ಹದಿನಾರು ಸಲ. ಬೇಕಾದದ್ದು ಐದು.

ಗುರುವಾರ ಅವಳು ಹೋದಳು. ಈಗ ಖಮೀಸಿನಲ್ಲಿ ಈ ವಿಷಯ ಗೊತ್ತಿರುವವಳು ನಾನೊಬ್ಬಳೇ. ಸೈತಾನ ಕಿವಿಯಲ್ಲಿ ಊದುವುದು ಹೇಗೆಂದು ಆ ದಿನಗಳಲ್ಲಿ ತಿಳಿಯಿತು. ಅವನು ಹೆದರಿಸುವುದಿಲ್ಲ, ಸಮಾಧಾನ ಹೇಳುತ್ತಾನೆ. ಗೊತ್ತಿದ್ದವಳಿಗೆ ಅದರ ಅರ್ಥ ಗೊತ್ತಿಲ್ಲ, ವಿಮಾನ ಹತ್ತಿ ಹೋಗಿಯೂ ಆಯಿತು; ನೀನು ಆಗ ಪ್ರಜ್ಞೆ ಇಲ್ಲದೆ ಮಲಗಿದ್ದವಳು, ಈಗಲೂ ಹಾಗೇ ಇದ್ದುಬಿಡು. ನಾನು ಹಾಗೇ ಇದ್ದೆ. ಮದುವೆಯ ಬಟ್ಟೆ ಆರಿಸಿದೆ, ಊಟದ ಪಟ್ಟಿ ಮಾಡಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ ಎಂದು ನನ್ನ ಅಜ್ಜಿ ಅಲೀಮಮ್ಮ ಹೇಳುತ್ತಿದ್ದ ಗಾದೆ, ಚಹಾಕ್ಕೆ ಹಾಲು ಹಾಕುವಾಗಲೆಲ್ಲ ನೆನಪಾಗುತ್ತಿತ್ತು.

ಶನಿವಾರ ಅಜ್ಮಲ್ ಉನೈಜಾದಿಂದ ಬಂದು ನಮ್ಮಲ್ಲಿ ಊಟ ಮಾಡಿದ. ಕಿಟಕಿಯಾಚೆ ಬೆಟ್ಟದ ಮಂಜು ಕಾಂಪೌಂಡಿನವರೆಗೂ ಇಳಿದು ಕೂತಿತ್ತು. ಮೀನಿನ ಮುಳ್ಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸುವ ಅಭ್ಯಾಸ ಅವನಿಗೆ. ಹನಾನ್‌ಗೂ ಅದೇ ಅಭ್ಯಾಸ. ಹಾಲಿನಿಂದ ಇಂಥದ್ದೆಲ್ಲ ಬರುವುದಿಲ್ಲ ಎಂದು ಬಿ.ಎ. ಓದಿದವಳಿಗೆ ಗೊತ್ತು. ಆದರೂ ಎದುರುಬದುರು ಇದ್ದ ಆ ಎರಡು ತಟ್ಟೆಗಳನ್ನು ನೋಡಲಾಗದೆ ಎದ್ದುಹೋದೆ.

ನಿಕಾಹ್ ಶುಕ್ರವಾರ. ಸೋಮವಾರ ಸಂಜೆ ಮಜೀದ್ ನಿಕಾಹ್ ಬರೆಯುವವರು ಕೊಟ್ಟ ಕಾಗದ ಹಿಡಿದು ಅಡುಗೆಮನೆಗೆ ಬಂದರು. ಹೆಸರು, ಇಕಾಮಾ ನಂಬರ್, ಹುಡುಗಿಗೆ ಕೊಡುವ ಮಹರ್, ಎಲ್ಲ ತುಂಬಿಸಿಯಾಗಿತ್ತು. ಕೊನೆಯ ಪ್ರಶ್ನೆಯನ್ನು ಓದಿ, ನನ್ನ ಕಡೆ ನೋಡದೆಯೇ ಕೇಳಿದರು:

"ಹಾಲಿನ ಸಂಬಂಧ ಉಂಟಾ ಅಂತ ಕೇಳ್ತಾರೆ. ಇಲ್ಲ ಅಂತ ಬರೀತೇನೆ."

ಪೆನ್ನು ಕಾಗದಕ್ಕೆ ಮುಟ್ಟುವಷ್ಟರಲ್ಲಿ ನಾನು ಅವರ ಕೈ ಹಿಡಿದೆ. ಯಾಕೆ ಹಿಡಿದೆ ಎಂದು ಇವತ್ತಿಗೂ ನಿಖರವಾಗಿ ಹೇಳಲಾರೆ. ದೇವರ ಭಯ ಇದ್ದೇ ಇತ್ತು. ಆದರೆ ಐದು ವರ್ಷ ಸತ್ತವರ ಪುಸ್ತಕ ಓದಿದವಳಿಗೆ ಇನ್ನೊಂದು ಭಯವೂ ಇತ್ತು: ಬರೆದದ್ದು ಉಳಿಯುತ್ತದೆ. ಆ ಸುಳ್ಳು ನಮ್ಮೆಲ್ಲರಿಗಿಂತ ಹೆಚ್ಚು ಕಾಲ ಬದುಕುತ್ತದೆ.

"ಈಗ ಬರೀಬೇಡಿ" ಎಂದೆ. "ನಾನು ಫಾತಿಮತ್‌ಳ ಹತ್ರ ಹೋಗಿ ಬರ್ತೇನೆ. ಅಲ್ಲಿಯವರೆಗೆ ಎಂತದೂ ಕೇಳ್ಬೇಡಿ."

ಇಪ್ಪತ್ತನಾಲ್ಕು ವರ್ಷ ಜೊತೆಗಿದ್ದವರು. ನನ್ನ ಮುಖ ನೋಡಿ ಪೆನ್ನಿನ ಕ್ಯಾಪ್ ಹಾಕಿದರು.

ಫಾತಿಮತ್ ಮದುಮಕ್ಕಳ ಕೋಣೆ ಸಿದ್ಧ ಮಾಡುತ್ತಿದ್ದಳು. ಹೊಸ ಹಾಸಿಗೆ, ಹೊಸ ಪರದೆ. "ನೋಡು, ಹನಾನ್‌ಗೆ ಈ ಬಣ್ಣ ಇಷ್ಟ ಅಲ್ವಾ?" ಎಂದಳು. ಕುಳಿತರೆ ಹೇಳಲಾಗುವುದಿಲ್ಲ ಎಂದು ನಿಂತೇ ಹೇಳಿದೆ. ವಾರಿಜಾಕ್ಷಿ ಹೇಳಿದ್ದನ್ನು ಹೇಳಿದ ಹಾಗೆ, ಏನನ್ನೂ ತಿದ್ದದೆ, ಒಂದೇ ಉಸಿರಿಗೆ. ಪಂಪ್, ಬಾಟಲಿ, ಎರಡು ದಿನ, ಹದಿನಾರು ಸಲ.

ಅವಳು ದಿಂಬಿನ ಕವರನ್ನು ಹಿಡಿದುಕೊಂಡೇ ಇದ್ದಳು. ಬೈಗುಳಕ್ಕೆ ಕಾದೆ. ಎಷ್ಟು ದಿನ ಮುಚ್ಚಿಟ್ಟೆ ಎಂದು ಕೇಳುತ್ತಾಳೆ, ಮನೆಯಿಂದ ಹೊರಗೆ ಹೋಗು ಎನ್ನುತ್ತಾಳೆ ಎಂದು ಕಾದೆ.

"ಆ ಹಾಲು ಚೆಲ್ಲಿದ್ರು ಅಂದ್ಕೊಂಡಿದ್ದೆ" ಎಂದಳು ಅವಳು.

"ಫಾತಿಮತ್..."

"ಸಿಂಕಿಗೆ ಚೆಲ್ಲಿದ್ರು ಅಂತ. ಈಗ್ಲೂ ಕನಸು ಬೀಳ್ತದೆ ನಂಗೆ. ಅವಳು ಕುಡೀತಿದ್ಲಾ? ಹೊಟ್ಟೆ ತುಂಬ ಕುಡೀತಿದ್ಲಾ?"

"ಗಟಗಟ ಕುಡೀತಿದ್ಲಂತೆ."

ಅವಳು ಹಾಗೆಯೇ ನೆಲಕ್ಕೆ ಕುಸಿದಳು. ಎರಡೂ ಕೈಯಲ್ಲಿ ಎದೆ ಒತ್ತಿ ಹಿಡಿದು, ಸದ್ದಿಲ್ಲದೆ ಅತ್ತಳು. ಅದು ದುಃಖವೋ ಸಂತೋಷವೋ ನನಗೆ ತಿಳಿಯಲಿಲ್ಲ, ಅವಳಿಗೂ ತಿಳಿದಿರಲಿಕ್ಕಿಲ್ಲ. ಪಕ್ಕದಲ್ಲಿ ಕುಳಿತೆ. ದಿಂಬಿನ ಕವರಿನಿಂದ ಮುಖ ಒರೆಸಿಕೊಂಡು ಅವಳು ಕೇಳಿದಳು, "ಅಜ್ಮಲ್‌ಗೆ ಯಾರು ಹೇಳುದು? ಆ ಹುಡುಗಿಗೆ ಯಾರು ಹೇಳುದು?"

ಆಗ ಹೊರಗಿನ ಬಾಗಿಲು ತೆರೆಯಿತು. ಟೈಲರ್ ಅಂಗಡಿಯಿಂದ ನೇರ ಬಂದಿದ್ದ ಹನಾನ್, ಕೈಯಲ್ಲಿ ಬಟ್ಟೆಯ ಕಟ್ಟು ಹಿಡಿದು ಒಳಗೆ ಬಂದಳು. "ಮಾಮೀ, ತೋಳು ಸ್ವಲ್ಪ ಉದ್ದ ಆಯ್ತು, ನೋಡಿ" ಎನ್ನುತ್ತಲೇ ಬಂದವಳು ನಮ್ಮಿಬ್ಬರನ್ನೂ ನೆಲದ ಮೇಲೆ ಕಂಡು ನಿಂತಳು.

ಫಾತಿಮತ್ ಎದ್ದಳು. ಹನಾನ್‌ಳ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದು, ಹಿಂದೆಂದೂ ನೋಡಿಲ್ಲದವಳಂತೆ ನೋಡಿದಳು. "ಮಾಮಿ ಅಲ್ಲ" ಎಂದಳು. "ಉಮ್ಮ ಅಂತ ಹೇಳು."

ಹನಾನ್‌ಳ ಕೆನ್ನೆ ಕೆಂಪಾಯಿತು. "ಇಷ್ಟು ಬೇಗನಾ? ಶುಕ್ರವಾರದವರೆಗೆ ಆದ್ರೂ ತಡೀರಿ" ಎಂದು ನಕ್ಕಳು. ಆಮೇಲೆ ನಾಚುತ್ತ, "ಉಮ್ಮ" ಎಂದು ಕರೆದಳು. ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದಳು. "ನೋಡು, ಈಗ ನಂಗೆ ಎರಡು ಉಮ್ಮ. ನೀನೆಂತ ಅಳುದು ಅದಕ್ಕೆ?"

ಅವಳ ಕೈಯಿಂದ ಮದುವೆಯ ಬಟ್ಟೆಯ ಕಟ್ಟನ್ನು ತೆಗೆದು ಬದಿಗಿಟ್ಟೆ.

"ಕೂತ್ಕೋ ಹನಾನ್" ಎಂದೆ.