ಹಸಿರು ಲಾರಿಯ ಬಿಳಿ ಗೀರು

ಅಮಾವಾಸ್ಯೆಯ ಬೆಳಿಗ್ಗೆ ಬಂಡೆಮ್ಮ ಗಂಡ ಏಳುವ ಮೊದಲೇ ಕಾರು ತೊಳೆದಿದ್ದಳು. ಚಿತ್ತಾಪುರದ ಕಡೆಯ ಊರಲ್ಲಿದ್ದಾಗ ಇದೇ ಹೊತ್ತಿಗೆ ಎತ್ತುಗಳ ಮೈ ತಿಕ್ಕುತ್ತಿದ್ದಳು. ಹೈದರಾಬಾದಿಗೆ ಬಂದು ಬೋರಬಂಡಾದಲ್ಲಿ ಖೋಲಿ ಹಿಡಿದ ಮೇಲೆ, ಅಮರಯ್ಯ ಬಾಡಿಗೆಗೆ ಓಡಿಸುವ ಬಿಳಿ ಕಾರಿಗೆ ಆ ಉಪಚಾರ ಸಿಗತೊಡಗಿತ್ತು. ಈ ಸಲ ಎಡಗಡೆಯ ಬಾಗಿಲು ಒಳಕ್ಕೆ ಕುಸಿದಿತ್ತು. ಕುಸಿದಲ್ಲೆಲ್ಲ ಹಸಿರು ಬಣ್ಣ ಮೆತ್ತಿತ್ತು. ಪಕ್ಕದ ಮನೆಯ ಪೇಂಟರನಿಂದ ಥಿನ್ನರ್ ಇಸಿದುಕೊಂಡು, ಬಟ್ಟೆ ಅದ್ದಿ ಅದ್ದಿ, ಒಂದು ಚುಕ್ಕಿಯೂ ಉಳಿಯದಂತೆ ಉಜ್ಜಿದಳು. ಪೆಟ್ಟು ಬಿದ್ದ ಜಾಗಕ್ಕೆ ಅರಿಶಿಣ ಹಚ್ಚಿ ಕುಂಕುಮ ಇಟ್ಟಳು.

ಅಮರಯ್ಯ ಹೊರಗೆ ಬಂದವನು ಕಾರಿನ ಬಾಗಿಲ ಮುಂದೆ ಕುಕ್ಕರಿಸಿದ.

"ಇದೇನ್ ಮಾಡಿದಿ?"

"ಅಮಾಸಿ ಅಲ್ಲೇನ್ರಿ? ಯಾರದೋ ಬಣ್ಣ ಮೆತ್ಕೊಂಡ ಗಾಡಿಗೆ ಪೂಜಿ ಮಾಡಾಕ ಬರತೈತೇನು?"

"ಆ ಬಣ್ಣ ಒಂದ ನನಗ ಸಾಕ್ಷಿ ಇತ್ತು" ಎಂದ. ದನಿ ಏರಲಿಲ್ಲ. ಏರಿದ್ದರೆ ಬಂಡೆಮ್ಮನಿಗೆ ಅಷ್ಟು ಭಯವಾಗುತ್ತಿರಲಿಲ್ಲ.

ಹಿಂದಿನ ಸಂಜೆ ಬಾಲಾನಗರದ ತಿರುವಿನಲ್ಲಿ ಸಾಮಾನು ಮುಟ್ಟಿಸುವ ಹಸಿರು ಲಾರಿಯೊಂದು ಕಾರಿಗೆ ಗುದ್ದಿ, ನಿಲ್ಲದೆ ಹೋಗಿತ್ತು. ಅಮರಯ್ಯನಿಗೆ ಕಂಡದ್ದು ಕಂಪನಿಯ ಹೆಸರು ಮತ್ತು ನಂಬರಿನ ಕೊನೆಯ ನಲವತ್ತೇಳು. ಮೊಬೈಲು ಕೆಳಗೆ ಬಿದ್ದು ಒಡೆದದ್ದರಿಂದ ಫೋಟೋ ತೆಗೆಯಲಾಗಲಿಲ್ಲ. ಠಾಣೆಯಲ್ಲಿ ದೂರು ಕೊಟ್ಟ; ಕಾರನ್ನು ನಾಳೆ ನೋಡುತ್ತೇವೆ ಎಂದರು. ಕಂಪನಿಯವರು ಫೋನಿನಲ್ಲಿ, ನಮ್ಮ ಲಾರಿ ಆ ಕಡೆ ಹೋಗೇ ಇಲ್ಲ ಎಂದರು. ಅವನ ಇನ್ಶೂರೆನ್ಸು ಬೇರೆಯವರ ಗಾಡಿಗಾದ ಹಾನಿಗೆ ಮಾತ್ರ. ತನ್ನ ಕಾರಿನ ರಿಪೇರಿಗೆ ಲಾರಿಯವರೇ ಪರಿಹಾರ ಕೊಡಬೇಕು. ಕಾರು ಹೀಗೇ ನಿಂತರೆ, ಆಸ್ಪತ್ರೆಯ ನರ್ಸುಗಳನ್ನು ದಿನಾ ಕರೆದೊಯ್ಯುವ ಬಾಡಿಗೆ ಇನ್ನೊಬ್ಬನ ಪಾಲಾಗುತ್ತಿತ್ತು.

ಬಂಡೆಮ್ಮನ ಫೋನಿನಿಂದ ಅಮರಯ್ಯ ಠಾಣೆಯ ಹೆಡ್ ಕಾನ್‌ಸ್ಟೇಬಲ್‌ಗೆ ನಡೆದದ್ದು ಹೇಳಿದ. ಆತ ನಕ್ಕು ತೆಲುಗಿನಲ್ಲಿ ಹೇಳಿದ. "ಪೂಜೆ ಮಾಡಿದ ಕಾರು ನೋಡಿ ನಾನೇನು ಬರೆಯಲಯ್ಯಾ? ಲಾರಿ ಮೇಲೆ ನಿನ್ನ ಬಣ್ಣ ಇದ್ದರೆ ಬರೆಯುತ್ತೇನೆ. ಹನ್ನೊಂದಕ್ಕೆ ಅವರ ಗೋದಾಮಿಗೆ ಬರುತ್ತೇನೆ. ಫೋಟೋ ತೋರಿಸಬೇಡ, ನನ್ನ ಕಣ್ಣಿಗೆ ಕಾಣಬೇಕು."

ಫೋನಿಟ್ಟ ಮೇಲೆ ಅಮರಯ್ಯನಿಗೆ ಹೊಳೆಯಿತು: ಇವತ್ತು ಲಾರಿಗಳಿಗೂ ಅಮಾವಾಸ್ಯೆ. ಅಲ್ಲೂ ತೊಳೆಯುತ್ತಾರೆ.

ಇಬ್ಬರೂ ಆಟೋ ಹಿಡಿದು ಜೀಡಿಮೆಟ್ಲಾಕ್ಕೆ ಬಂದಾಗ ಹತ್ತು ದಾಟಿತ್ತು. ಗೋದಾಮಿನ ಅಂಗಳದಲ್ಲಿ ಹಸಿರು ಲಾರಿಗಳು ಸಾಲಾಗಿ ನಿಂತಿದ್ದವು. ಒಬ್ಬ ನಡುವಯಸ್ಸಿನವನು ಪೈಪು ಹಿಡಿದು ಮೂರನೆಯದನ್ನು ತೊಳೆಯುತ್ತಿದ್ದ. ಐದನೆಯದರ ನಂಬರಿನ ಕೊನೆಗೆ ನಲವತ್ತೇಳು. ಅದರ ಬಂಪರಿನ ಬಲಮೂಲೆಯಲ್ಲಿ ಗೇಣುದ್ದದ ಬಿಳಿ ಗೀರು ಗೇಟಿನವರೆಗೂ ಕಾಣುತ್ತಿತ್ತು. ಕಾವಲುಗಾರ ಅಮರಯ್ಯನನ್ನು ತಡೆದ. ರಂಗೋಲಿ ಹಾಕಲು ಬಂದ ಹೆಂಗಸರ ಹಿಂದೆ ನಡೆದ ಬಂಡೆಮ್ಮನನ್ನು ಯಾರೂ ಕೇಳಲಿಲ್ಲ.

ಪೈಪಿನವನು ನೀರು ನಿಂತದ್ದಕ್ಕೆ ಕನ್ನಡದಲ್ಲಿ ಗೊಣಗುತ್ತಿದ್ದ.

"ಯಾವೂರಣ್ಣಾ?"

"ಸೇಡಂ ಕಡೆ. ಅಮರೇಶಪ್ಪ ಅಂತಾರ. ಪೈಪ್ ತುಳದಿ ನೋಡು, ಕಾಲ ತಗಿ."

ಕಾಲು ತೆಗೆದು, ಬಂಡೆಮ್ಮ ಎಲ್ಲವನ್ನೂ ಹೇಳಿದಳು. ತಾನು ಬಣ್ಣ ಉಜ್ಜಿ ತೆಗೆದದ್ದನ್ನೂ ಮುಚ್ಚಿಡಲಿಲ್ಲ. ಅಮರೇಶಪ್ಪ ಗೀರಿನತ್ತ ನೋಡಿ, ಆಫೀಸಿನತ್ತ ನೋಡಿದ.

"ಹನ್ನೆರಡಕ್ಕ ಪೂಜಿ. ಒಂದ ಲಾರಿ ಹೊಲಸ ಉಳೀತಂದ್ರ ನಾಳಿಂದ ನನ್ನ ಒಳಗ ಬಿಡಂಗಿಲ್ಲ."

"ಉಳಸಬ್ಯಾಡ. ಅದನ್ನ ಕಡೀಕ ಇಡು. ನಾನೂ ತೊಳಿಯಾಕ ನಿಂದರ್ತೀನಿ, ಎಲ್ಲಾ ಮುಗಿಸೇ ಹೋಗ್ತೀನಿ."

"ಇಬ್ಬರು ತೊಳದ್ರ ಇನ್ನೂ ಜಲ್ದಿ ಮುಗೀತೈತಲ್ಲ, ತಂಗಿ."

"ನಾ ತೊಳಿಯೂದು ನೀ ನೋಡಿಲ್ಲ."

ಬಂಡೆಮ್ಮ ಸೆರಗು ಬಿಗಿದು ಸಾಲಿನ ಆ ತುದಿಯಿಂದ ಹಿಡಿದಳು. ಗಾಲಿಯ ಸಂದಿಯೊಳಗಿನ ಹರಳುಗಳನ್ನು ಕಡ್ಡಿಯಿಂದ ಒಂದೊಂದಾಗಿ, ಅವಸರವಿಲ್ಲದೆ ಕಿತ್ತಳು. ಗೇಟಿನಾಚೆ ಅಮರಯ್ಯ ರಸ್ತೆಯನ್ನೂ ಹೆಂಡತಿಯ ಕೈಯನ್ನೂ ಸರದಿಯಲ್ಲಿ ನೋಡುತ್ತಿದ್ದ. ಹನ್ನೊಂದಾಯಿತು. ಹನ್ನೊಂದೂ ಕಾಲಾಯಿತು. ಪೊಲೀಸರ ಸುಳಿವಿಲ್ಲ.

ಸೂಪರ್‌ವೈಸರ್ ಆಫೀಸಿನಿಂದ ಇಳಿದು ಬಂದ. "ನಡುವಿನದನ್ನು ಯಾಕೆ ಬಿಟ್ಟೆ?"

"ಈಗರ ಬಂದೈತ್ರಿ. ಇಂಜಿನ್ ಬಿಸಿ ಐತಿ" ಎಂದ ಅಮರೇಶಪ್ಪ.

ಸೂಪರ್‌ವೈಸರ್ ಮುಂಭಾಗದ ತಗಡಿನ ಮೇಲೆ ಅಂಗೈ ಇಟ್ಟು ನೋಡಿದ. ಬಿಸಿಲಿಗೆ ಕಾದಿದ್ದ ತಗಡು ತಾಗಿ ಅಂಗೈ ಚುರುಕ್ ಎಂದಿತು. ಕೈ ತೆಗೆದವನ ಕಣ್ಣು ಬಂಪರಿಗೆ ಇಳಿದು ಅಲ್ಲೇ ನಿಂತಿತು. ಒಳಗೆ ಹೋಗಿ ಥಿನ್ನರಿನ ಬಾಟಲಿ, ಒಂದು ಬಟ್ಟೆ ತಂದು ಅಮರೇಶಪ್ಪನ ಮುಂದೆ ಹಿಡಿದ.

"ನೀರು ಆಮೇಲೆ. ಮೊದಲು ಇದನ್ನು ಒರೆಸು."

ಅಮರೇಶಪ್ಪ ಬಾಟಲಿ ತೆಗೆದುಕೊಂಡ. ಮುಚ್ಚಳ ತಿರುಗಿಸಲು ಶುರುಮಾಡಿದ, ತಿರುಗಿಸುತ್ತಲೇ ಇದ್ದ.

"ಏನು, ಕೈಯಲ್ಲಿ ಶಕ್ತಿ ಇಲ್ಲವಾ?"

"ಭಾಳ ಬಿಗಿ ಐತ್ರಿ ಸಾರ್."

ಸೂಪರ್‌ವೈಸರ್ ಬಾಟಲಿ ಕಿತ್ತುಕೊಂಡು ಒಂದೇ ತಿರುವಿಗೆ ತೆಗೆದ. ಬಟ್ಟೆ ಒದ್ದೆ ಮಾಡಿ ತಾನೇ ಬಗ್ಗಿದ. ಅಷ್ಟರಲ್ಲಿ ಬಂಡೆಮ್ಮ ನಡುವೆ ಬಂದು ಕುಳಿತಿದ್ದಳು. ಅವಳ ಬಲಗೈ ಬಿಳಿ ಗೀರನ್ನು ಮುಚ್ಚಿತ್ತು.

"ಯಾರು ನೀನು? ಏಳು."

ಅವಳು ಏಳಲಿಲ್ಲ. ಕಾದ ಕಬ್ಬಿಣ ಅಂಗೈ ಸುಡುತ್ತಿತ್ತು. ಸೂಪರ್‌ವೈಸರ್ ಕಾವಲುಗಾರನನ್ನು ಕೂಗಿದ. ಕಾವಲುಗಾರ ಗೇಟು ಬಿಟ್ಟು ಓಡಿಬಂದ. ಅವನ ಹಿಂದೆಯೇ ಅಮರಯ್ಯ ಒಳನುಗ್ಗಿದ. ಸೂಪರ್‌ವೈಸರ್, ಕಾವಲುಗಾರ ಇಬ್ಬರೂ ಹೆಂಗಸಿನ ಮೈ ಮುಟ್ಟುವುದು ಹೇಗೆಂದು ತಿಳಿಯದೆ ನಿಂತರು. ಅಮರಯ್ಯ ಹೆಂಡತಿಯ ಮುಂದೆ ಬಂದು ನಿಂತ. ಯಾರ ಮೇಲೂ ಕೈ ಎತ್ತಲಿಲ್ಲ, ಸರಿಯಲೂ ಇಲ್ಲ. ಬೈಗುಳ ಬೀಳುತ್ತಲೇ ಇದ್ದವು.

ಹನ್ನೊಂದೂವರೆ ದಾಟಿದ ಮೇಲೆ ಹೆಡ್ ಕಾನ್‌ಸ್ಟೇಬಲ್‌ನ ಬೈಕು ಅಂಗಳಕ್ಕೆ ಬಂತು. ಆತ ಹೆಲ್ಮೆಟ್ ತೆಗೆಯದೆಯೇ ಕೇಳಿದ, "ಇಲ್ಲೇನು ಧರಣಿ?"

ಬಂಡೆಮ್ಮ ಕೈ ತೆಗೆದಳು. ಅಂಗೈ ಕೆಂಪಾಗಿತ್ತು. ಗೀರು ಇತ್ತು.

ಆತ ಕುಳಿತು ಉಗುರಿನಿಂದ ಬಿಳಿ ಬಣ್ಣ ಕೆರೆದು ನೋಡಿದ. ನೆಲದಿಂದ ಗೀರಿನ ಎತ್ತರ ಅಳೆದ. ದೂರು ಕೊಡುವಾಗ ಅಮರಯ್ಯ ಹೇಳಿದ್ದ ಬಾಗಿಲ ಪೆಟ್ಟಿನ ಎತ್ತರಕ್ಕೆ ಹೋಲಿಸಿ ನೋಡಿದ. ಬಟ್ಟೆಯ ಥಿನ್ನರ್ ವಾಸನೆಯನ್ನೂ ಮೂಸಿದ. "ಲಾರಿ ಆ ಕಡೆ ಹೋಗಿಲ್ಲ ಅಂದವರು ಯಾರು?" ಎಂದು ಸೂಪರ್‌ವೈಸರನನ್ನು ಕೇಳಿದ. ಸೂಪರ್‌ವೈಸರ್ ಮಾಲೀಕರಿಗೆ ಫೋನು ಹಚ್ಚತೊಡಗಿದ. ನಲವತ್ತೇಳನ್ನು ಯಾರೂ ಮುಟ್ಟಬಾರದು ಎಂದು ಹೇಳಿ ಹೆಡ್ ಕಾನ್‌ಸ್ಟೇಬಲ್ ಪೂರ್ತಿ ನಂಬರು ಬರೆದುಕೊಂಡ. ಅಮರಯ್ಯನಿಗೆ ಸಹಿ ಮಾಡಲು ಕಾಗದ ಚಾಚಿದ.

ಅಮರಯ್ಯ ಸಹಿ ಮಾಡಿ ತಿರುಗಿದಾಗ, ಬಂಡೆಮ್ಮ ಎಡಗೈಯಲ್ಲಿ ಪೈಪು ಎಳೆದುಕೊಂಡು ಸಾಲಿನ ತುದಿಗೆ ಹೊರಟಿದ್ದಳು.

"ಇನ್ನೂ ಎಲ್ಲಿಗಿ?"

"ಎರಡು ಲಾರಿ ಉಳದಾವು. ಅಣ್ಣಗ ಮಾತ ಕೊಟ್ಟೀನಿ."

ಅಮರಯ್ಯ ಪ್ಯಾಂಟು ಮೇಲೆ ಮಡಚಿ ಪೈಪಿಗೆ ಕೈ ಹಚ್ಚಿದ.