ಮೆಟ್ಟಿಲು ಘಟಕ

ನಮ್ಮ ಪಕ್ಷದ ಹಳೇ ಕಚೇರಿಯನ್ನು ಕೆಡವಿದರಂತೆ. ಕೆಡವಲಿ, ಸೋರುವ ಕಟ್ಟಡ. ಆದರೆ ಆ ಮರದ ಮೆಟ್ಟಿಲುಗಳನ್ನು ಸೌದೆಗೆ ಕೊಟ್ಟರೆಂದು ಕೇಳಿ ಕರುಳು ಚುರುಕ್ ಎಂದಿತು.

ಆಗ ನಾನು ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದೆ. ಮಗಳು ಎದೆಹಾಲಿನ ಕೂಸು. ನೋಡಿಕೊಳ್ಳಲು ಅಮ್ಮನೂ ಇಲ್ಲ, ಅತ್ತೆಯೂ ಇಲ್ಲ. ಮಷೀನಿನ ಕೆಳಗೆ ಬಟ್ಟೆಚೂರುಗಳ ಮೇಲೆ ಮಲಗಿಸುತ್ತಿದ್ದೆ. ಒಂದು ದಿನ ಮೇಸ್ತ್ರಿ ಕಂಡುಬಿಟ್ಟ. "ಇನ್ನೊಂದ್ಸಲ ಕೂಸು ಕಂಡ್ರೆ ನಿಂಗೆ ಕೆಲಸ ಇಲ್ಲ" ಅಂದ. ಕೂಸುಗಳಿಗೊಂದು ಕೋಣೆ ಬೇಕೆಂದು ಪಕ್ಷ ಕೇಳಿದರೆ ಮಾಲೀಕ ಬಗ್ಗುತ್ತಾನೆ ಎಂದು ನಂಬಿ ಕಚೇರಿಗೆ ಹೋದೆ.

ಮಹಡಿಯ ಮೇಲೆ ಕಾರ್ಮಿಕ ಘಟಕ. ಅಧ್ಯಕ್ಷರು ಸಿಗರೇಟು ಕೊಡವುತ್ತಾ, "ಮಕ್ಕಳ ವಿಷಯ ಹೆಂಗಸ್ರದ್ದಲ್ವೇನಮ್ಮ, ಕೆಳಗೆ ಹೋಗು" ಎಂದರು. ಕೆಳಗೆ ಮಹಿಳಾ ಘಟಕ, ಬರೀ ಲಾಯರಮ್ಮ, ಡಾಕ್ಟರಮ್ಮಂದಿರು. "ಕಾರ್ಖಾನೆ ಅಂದ್ಮೇಲೆ ಕಾರ್ಮಿಕರದ್ದು, ಮೇಲೆ ಕೇಳು" ಎಂದರು. ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಅವರ ಆಟಕ್ಕೆ ನಾನು ಚೆಂಡು. ಮೇಲೆ ನಾನು ಬರೀ ಹೆಂಗಸು, ಕೆಳಗೆ ಬರೀ ಕೂಲಿಯವಳು. ಒಬ್ಬಳೇ ಎರಡೂ ಆಗಿರಬಹುದೆಂದು ಆ ಮಹಾನುಭಾವರಿಗೆ ಹೊಳೆಯಲೇ ಇಲ್ಲ. ಮೈಯೆಲ್ಲ ಉರಿದು ನಡುಮೆಟ್ಟಿಲಲ್ಲೇ ಕೂತು ಕೂಸಿಗೆ ಹಾಲು ಕುಡಿಸಿದೆ.

ಮಾರನೇ ವಾರ ಬಟನ್ ಹಚ್ಚುವ ಕುಳ್ಳಿ ತನ್ನ ಕೂಸಿನೊಂದಿಗೆ ಬಂದು ಪಕ್ಕ ಕೂತಳು. ಆಮೇಲೆ ಇಸ್ತ್ರಿಯವಳು. ದಿನಾ ಸಂಜೆ ಅದೇ ನಮ್ಮ ಜಾಗವಾಯಿತು. ಒಬ್ಬಳ ಕೂಸು ಅತ್ತರೆ ಇನ್ನೊಬ್ಬಳು ತೊಡೆ ಕೊಡುವಳು. ಮೇಲಿನವರನ್ನೂ ಕೆಳಗಿನವರನ್ನೂ ಅಣಕಿಸಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ಅಷ್ಟು ಸುಖವಾಗಿ ನಾನು ಮತ್ತೆಲ್ಲೂ ಕೂತಿಲ್ಲ.

ವಾರ್ಷಿಕ ಸಭೆಯ ದಿನ ಮೆಟ್ಟಿಲ ತುಂಬ ನಾವೇ. ಕೆಳಗಿನವರು ಸಭೆಗೆ ಹತ್ತುವಂತಿಲ್ಲ, ಮೇಲಿನವರು ಟೀಗೆ ಇಳಿಯುವಂತಿಲ್ಲ.

"ನೀವು ಯಾವ ಘಟಕ?" ಎಂದು ಪಕ್ಷದ ಕಾರ್ಯದರ್ಶಿ ಕೇಳಿದರು.

"ಮೆಟ್ಟಿಲು ಘಟಕ" ಎಂದಳು ಕುಳ್ಳಿ. "ದಾಟ್ಕೊಂಡು ಹೋಗಿ ನೋಡೋಣ."

ಅವರು ಮಲಗಿದ್ದ ಕೂಸುಗಳನ್ನು ನೋಡಿದರು, ತಮ್ಮ ಬೂಟುಗಳನ್ನು ನೋಡಿಕೊಂಡರು, ಕೊನೆಗೆ ಅಲ್ಲೇ ಕೂತರು. ಮಾಲೀಕನನ್ನು ಕೋಣೆ ಕೇಳುವ ನಿರ್ಣಯ ಮೆಟ್ಟಿಲ ಮೇಲೇ ಆಯಿತು. ಆ ವರ್ಷವೇ ಕಾರ್ಖಾನೆಗೆ ಕೂಸುಗಳ ಕೋಣೆ ಬಂತು, ನನ್ನ ಕೆಲಸ ಉಳಿಯಿತು.

ನನ್ನ ಆ ಕೂಸು ಈಗ ನರ್ಸು, ಪಕ್ಷದ ಕಾರ್ಯಕರ್ತೆ. ರಾತ್ರಿ ಪಾಳಿಯ ನರ್ಸುಗಳಿಗೆ ವಾಹನ ಕೊಡಿಸಿ ಎಂದು ಹೊಸ ಕಚೇರಿಯಲ್ಲಿ ಅಲೆಯುತ್ತಿದ್ದಾಳೆ. ಮೂರನೇ ಮಹಡಿಯ ಕಾರ್ಮಿಕ ಘಟಕದಿಂದ ಐದನೆಯದರ ಮಹಿಳಾ ಘಟಕಕ್ಕೆ, ಅಲ್ಲಿಂದ ಮತ್ತೆ ಮೂರಕ್ಕೆ. ಹಾಡಿದ್ದೇ ಹಾಡು.

ನಿನ್ನೆ ಫೋನಿನಲ್ಲಿ ಗೊಣಗಿದೆ: "ಅಲ್ಲಿ ಮೆಟ್ಟಿಲು ಹತ್ತೋರೇ ಇಲ್ವಲ್ಲೇ, ಎಲ್ಲಿ ಕೂರ್ತೀರ?"

"ಲಿಫ್ಟ್ ಇದೆಯಲ್ಲಮ್ಮ" ಎಂದಳು. "ಬಾಗಿಲು ಮುಚ್ಚೋಕೆ ಬಿಡ್ದೆ ಎಲ್ರೂ ನಿಂತಿದ್ದೀವಿ."

ಅವಳ ಹಿಂದೆ ಹೆಂಗಸರು ನಗುವುದು ಕೇಳಿಸಿತು. ಆ ನಗು ಕೇಳಿ ಎಷ್ಟು ವರ್ಷವಾಗಿತ್ತು.